ತೋಟಾದ ಅಂಚಿನ ಮೂರು ಗೀರು

"ತೋಟಾದ ಹಿತ್ತಾಳೆ ಕೊಳವೆ ಒಂದಕ್ಕೆ ಎರಡು ಯೂರೋ ಮೇಲೆ ಬೀಳುತ್ತೆ," ಅಂದಳು ಯಾಗ್ಲಿಕಾ. "ದೊಡ್ಡ ರೈಫಲ್ಲಿನ ಖಾಲಿ ಕೊಳವೆ ತರಿಸಿ ಕತ್ತರಿಸಬೇಕಲ್ಲ, ಅದಕ್ಕೆ. ಆದ್ರೆ ಒಂದು ಕೊಳವೆ ಏಳೆಂಟು ಸಲ ತಡ್ಕೊಳ್ಳುತ್ತೆ. ಸಲಕ್ಕೆ ಮೂವತ್ತು ಸೆಂಟ್ ಅಂತ ಇಟ್ಕೊಳ್ಳಿ. ಕಿಡಿ ಹಚ್ಚೋ ಕೇಪಿಗೆ ಹತ್ತು. ಕರಿಮದ್ದಿಗೆ ಇಪ್ಪತ್ತು. ಸೀಸ ಪುಕ್ಕಟೆ, ಟೈರ್ ಅಂಗಡಿಯವನು ಕೊಡ್ತಾನೆ. ಜೇನುಮೇಣ, ಕುರಿಕೊಬ್ಬು ಮನೇದೇ. ಒಟ್ಟು ಅರವತ್ತು ಸೆಂಟ್. ಅಪ್ಪ ಒಂದು ಯೂರೋ ತಗೋತಾನೆ."

"ಅಂದ್ರೆ ಬಾಲ್ಶಾನ ಪ್ರಾಣ ತೆಗೆದದ್ದು ಒಂದು ಯೂರೋ ತೋಟಾ."

"ಇಲ್ಲ ಕುಮ. ಮದುವೆಗೆ ಅಂತ ಕೊಟ್ಟಿದ್ದು. ಆರಕ್ಕೂ ದುಡ್ಡು ತಗೊಂಡಿಲ್ಲ."

ಅವಳು ಹೇಳಿದ ರೀತಿಯಲ್ಲಿ ಕೊಂಕು ಇರಲಿಲ್ಲ. ನಲವತ್ತಾರು ವಯಸ್ಸಿನ, ಮದುವೆಯಾಗದ, ಕೈ ಒರಟಾದ ಹೆಂಗಸು. ತಂದೆ ಮಿಟಾರ್ ಮೂರು ದಿನದಿಂದ ನಮ್ಮ ಠಾಣೆಯ ಕೋಣೆಯಲ್ಲಿದ್ದ. ಇವಳು ಅವನ ಬಂದೂಕು ಕೆಲಸದ ಅಂಗಡಿಯ ನೆಲ ಗುಡಿಸಿ, ಅರಗಳನ್ನೆಲ್ಲ ಎಣ್ಣೆಬಟ್ಟೆಯಲ್ಲಿ ಒರೆಸಿ ಸಾಲಾಗಿ ಇಟ್ಟಿದ್ದಳು, ಅಪ್ಪ ಸಂಜೆಗೆ ಬಂದು ಕೂರುವವನ ಹಾಗೆ.

ಮಿಟಾರ್ ಚರ್ಚಿನಲ್ಲಿ ನನ್ನ ಮಗಳನ್ನು ಜ್ಞಾನಸ್ನಾನಕ್ಕೆ ಎತ್ತಿಕೊಂಡವನು. ಅವತ್ತಿನಿಂದ ಎರಡು ಮನೆಯವರೂ ಒಬ್ಬರಿಗೊಬ್ಬರು ಕುಮ. ಈ ಬೆಟ್ಟಗಳಲ್ಲಿ ಅದು ರಕ್ತಸಂಬಂಧಕ್ಕಿಂತ ಒಂದು ಮೆಟ್ಟಿಲು ಮೇಲೆ. ಈ ಕೇಸು ನನಗೆ ಬೇಡ ಅಂತ ಮೊದಲ ದಿನವೇ ಸರ್ಕಾರಿ ವಕೀಲೆ ವೆಸೆಲಿಂಕಾಗೆ ಹೇಳಿದ್ದೆ. "ಇನ್‌ಸ್ಪೆಕ್ಟರ್ ವಿದಾಕ್, ಈ ಪಟ್ಟಣದಲ್ಲಿ ನಿಮಗೆ ಕುಮ ಅಲ್ಲದವನು ಒಬ್ಬ ಇದ್ರೆ ತೋರ್ಸಿ, ಅವನ ಕೇಸು ಕೊಡ್ತೀನಿ," ಅಂದಿದ್ದಳು.

ಅವಳು ಈವತ್ತು ಹನ್ನೊಂದಕ್ಕೆ ಬರುವವಳಿದ್ದಳು. ಮಿಟಾರನ ಹೇಳಿಕೆಗೆ ಸಹಿ ಹಾಕಿಸಿಕೊಳ್ಳಲು.

ಹೇಳಿಕೆ ಏನೆಂದು ಊರಿಗೆಲ್ಲ ಗೊತ್ತು. ಶನಿವಾರ ಬಾಲ್ಶಾನ ದಿಬ್ಬಣ ಹೆಣ್ಣಿನ ಮನೆಗೆ ಹೋಯಿತು. ಅಂಗಳದ ಕಂಬದ ತುದಿಗೆ ಸೇಬು ಕಟ್ಟಿದ್ದರು. ಅದನ್ನು ಹೊಡೆದು ಬೀಳಿಸದೆ ಹೆಣ್ಣನ್ನು ಕರೆದುಕೊಂಡು ಹೋಗುವ ಹಾಗಿಲ್ಲ. ಗಂಡಿನ ಮನೆಯ, ಮುತ್ತಾತನ ಕಾಲದ ಭಾರಿ ರಿವಾಲ್ವರಿನಿಂದ ಬಾವುಟ ಹಿಡಿದವನು ಬಾಗಿಲಲ್ಲಿ ಮೊದಲ ಗುಂಡು ಆಕಾಶಕ್ಕೆ ಹಾರಿಸಿದ. ಬಿಳಿ ಹೊಗೆ ಮೋಡದ ಹಾಗೆ ಎದ್ದಿತು. ಎರಡನೆಯದು ಸೇಬಿಗೆ. ಅದನ್ನು ಹಾರಿಸಿದವನು ಬಾಲ್ಶಾ. ಯಾರೋ ಫೋನಿನಲ್ಲಿ ಹಿಡಿದ ವಿಡಿಯೋದಲ್ಲಿ ಎರಡನೇ ಗುಂಡಿಗೆ ಹೊಗೆಯೇ ಇಲ್ಲ. ಆರು ತೋಟಾ ಕೂರುವ ಉರುಳೆ ಒಡೆದು, ಎರಡು ಬೆರಳಗಲದ ಉಕ್ಕಿನ ತುಂಡು ಅವನ ಕುತ್ತಿಗೆಗೆ ಹೊಡೆಯಿತು. ಹೆಣ್ಣು ಹೊಸ್ತಿಲ ಒಳಗೇ ನಿಂತಿದ್ದಳು.

ಆ ರಿವಾಲ್ವರ್ ಹುಟ್ಟಿದ್ದು ಕರಿಮದ್ದಿನ ಕಾಲದಲ್ಲಿ. ಹೊಗೆಯಿಲ್ಲದ ಹೊಸ ಮದ್ದನ್ನು ಅದಕ್ಕೆ ತುಂಬಿದರೆ ಕಬ್ಬಿಣ ತಡೆಯುವುದಿಲ್ಲ. ಮಿಟಾರನ ಕಪಾಟಿನಲ್ಲಿ ಕರಿಮದ್ದಿನ ಡಬ್ಬದ ಪಕ್ಕವೇ ಒಬ್ಬ ಬೇಟೆಗಾರ ಬಿಟ್ಟುಹೋದ ಹೊಸ ಮದ್ದಿನ ಡಬ್ಬ ಇತ್ತು. ಮಿಟಾರನಿಗೆ ಎರಡೂ ಕಣ್ಣಿಗೆ ಪೊರೆ. ವಯಸ್ಸು ಎಪ್ಪತ್ತನಾಲ್ಕು.

"ನನ್ನಿಂದ್ಲೇ ಆಗಿರ್ಬೇಕು," ಅಂತ ಅವನೇ ಹೇಳಿಬಿಟ್ಟಿದ್ದ. "ಡಬ್ಬ ತಪ್ಪಿರ್ಬೇಕು."

ನನಗೆ ಅದು ನಂಬಿಕೆಯಾಗಿರಲಿಲ್ಲ.

"ಅಪ್ಪ ಆರನ್ನೂ ಒಟ್ಟಿಗೆ ತುಂಬ್ತಾನಾ?" ಯಾಗ್ಲಿಕಾಳನ್ನು ಕೇಳಿದೆ.

"ಒಟ್ಟಿಗೇ. ಮರದ ಹಲಗೆ ತೂತಿನಲ್ಲಿ ಸಾಲಾಗಿ ನಿಲ್ಲಿಸಿ, ಒಂದೇ ಕೊಂಬಿನ ಚಮಚ, ಒಂದೇ ಡಬ್ಬ. ಈಚೆಗೆ ನಾನು ಪಕ್ಕದಲ್ಲಿ ನಿಂತ್ಕೊಂಡಿರ್ತೀನಿ. ಕೊಳವೆ ತೊಳೆಯೋದು, ಸೀಸ ಎರೆಯೋದು, ಗುಂಡಿಗೆ ಮೇಣ ಹಚ್ಚೋದು ನಾನೇ."

"ಹಾಗಾದ್ರೆ ಒಂದಕ್ಕೆ ಮಾತ್ರ ಡಬ್ಬ ತಪ್ಪೋದು ಹೇಗೆ?"

"ನಾನು ಒಲೆ ಹತ್ರ ಹೋದಾಗ ಆಗಿರ್ಬಹುದು." ಅವಳು ತಲೆಗೆ ಕಪ್ಪು ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು. ಸತ್ತವನ ಮನೆಗೆ ಹೊರಟಿದ್ದಳು. ಕೊಂದವನ ಮಗಳು ಹೋಗಿ ಶವದ ತಲೆದೆಸೆಯಲ್ಲಿ ನಿಂತು ಅಳಬೇಕು. ಹೋಗದಿದ್ದರೆ ಬೇಕಂತಲೇ ಕೊಂದರು ಅಂತ ಅರ್ಥವಾಗುತ್ತದೆ. ರಾಜಧಾನಿ ಪೊಡ್ಗೊರಿತ್ಸಾದ ಆಸ್ಪತ್ರೆಯವರು ಹೆಣ ಕೊಟ್ಟಿದ್ದು ನಿನ್ನೆ ಸಂಜೆ.

ಬೆಂಚಿನ ಮೇಲೆ ಬೇರೆ ಬೇರೆ ಮನೆಯವರ ಖಾಲಿ ಕೊಳವೆಗಳು ಬಟ್ಟಲುಗಳಲ್ಲಿದ್ದವು. ಒಂದನ್ನು ಎತ್ತಿ ಬುಡದ ಅಂಚು ನೋಡಿದೆ. ಅರದಿಂದ ಹಾಕಿದ ಎರಡು ಸಣ್ಣ ಗೀರು.

"ಅದು ಮನೆ ಗುರುತು," ಅಂದಳು. "ಎರಡು ಗೀರು ಸೇತುವೆ ಹತ್ತಿರದವರದು. ಮೂರು ಬಾಲ್ಶಾನ ದೊಡ್ಡಪ್ಪ ಗಾವ್ರೊ ಮನೇವ್ರದು."

ನನಗೆ ತಿದ್ದಬೇಕು ಅನ್ನಿಸಲಿಲ್ಲ. ಗೀರು ಮನೆ ಗುರುತಲ್ಲ. ಹಿತ್ತಾಳೆಗೂ ಸುಸ್ತಾಗುತ್ತದೆ, ಎಷ್ಟು ಸಲ ತುಂಬಿದ್ದಾಯಿತು ಅನ್ನುವ ಲೆಕ್ಕಕ್ಕೆ ಮಿಟಾರ್ ಸಲಕ್ಕೊಂದು ಗೀರು ಹಾಕುತ್ತಾನೆ. ಎಂಟಾದರೆ ಬಿಸಾಡುತ್ತಾನೆ. ಅದನ್ನು ಹಾಕುವುದು ಎಲ್ಲ ಮುಗಿದ ಮೇಲೆ, ತೋಟಾ ಒಪ್ಪಿಸುವಾಗ, ಬಂದವರ ಕಣ್ಣೆದುರು, ರಕಿಯ ಅನ್ನುವ ಹಣ್ಣಿನ ಸಾರಾಯಿಯ ಲೋಟ ಎತ್ತುವ ಮುಂಚೆ. ಆ ಮೇಜಿಗೆ ಹೆಂಗಸರು ಲೋಟ ತಂದಿಟ್ಟು ಹೋಗುತ್ತಾರೆ. ಕೂರುವುದಿಲ್ಲ.

ನಲವತ್ತಾರು ವರ್ಷ ಅದೇ ಮನೆಯಲ್ಲಿದ್ದರೂ ಗೊತ್ತಿಲ್ಲವಲ್ಲ ಪಾಪ, ಅಂದುಕೊಂಡು ಟೊಪ್ಪಿಗೆ ಹಾಕಿಕೊಂಡೆ.

*

ಠಾಣೆಗೆ ಬಂದಾಗ ಒಂಬತ್ತೂಕಾಲು. ಸಾಕ್ಷ್ಯದ ಲಕೋಟೆ ಬಿಚ್ಚಿ ಕೊಳವೆಗಳನ್ನು ಮೇಜಿನ ಮೇಲೆ ಸುರಿದೆ. ಒಡೆದ ಉರುಳೆಯಿಂದ ತೆಗೆದದ್ದು ಆರು. ಹಾರಿಸಿದ್ದು ಒಂದು, ಸಿಡಿದದ್ದು ಒಂದು, ಹಾರಿಸದೆ ಉಳಿದದ್ದು ನಾಲ್ಕು.

ಮೂರು ದಿನದಿಂದ ಎಲ್ಲರೂ ಸಿಡಿದ ಕೊಳವೆಯ ಹೊಟ್ಟೆಯನ್ನೇ ನೋಡಿದ್ದೆವು. ಅದು ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸೀಳಿತ್ತು. ಬುಡವನ್ನು ಯಾರೂ ತಿರುಗಿಸಿ ನೋಡಿರಲಿಲ್ಲ, ನಾನೂ ಸೇರಿ.

ಮಸಿ ಒರೆಸಿ ಕಿಟಕಿಗೆ ಹಿಡಿದೆ. ಮೂರು ಗೀರು.

ಹಾರಿಸಿದ್ದರ ಬುಡ ನೋಡಿದೆ. ನಾಲ್ಕು. ಉಳಿದ ನಾಲ್ಕರಲ್ಲಿ ಮೂರಕ್ಕೆ ನಾಲ್ಕು ಗೀರು, ಒಂದಕ್ಕೆ ಒಂದೇ ಗೀರು.

ಒಂದು ಗೀರಿನದು ನನಗೆ ಗೊತ್ತಿತ್ತು. ಕಳೆದ ವರ್ಷ ಬಾಲ್ಶಾನ ಅಕ್ಕನ ಮಗುವಿನ ಜ್ಞಾನಸ್ನಾನಕ್ಕೆ ಗಾವ್ರೊ ಮನೆಯವರು ಆರು ಹಾರಿಸಿದ್ದರು. ಮರಳಿ ಬಂದದ್ದು ಐದು ಕೊಳವೆ. ಒಂದು ಹುಲ್ಲಿನಲ್ಲಿ ಕಳೆಯಿತು ಅಂದರು. ಮಿಟಾರ್ ಗೊಣಗುತ್ತಾ ಅದರ ಬದಲಿಗೆ ಹೊಸದೊಂದು ಕತ್ತರಿಸಿದ. ಆ ಗೊಣಗಾಟವನ್ನು ನಾನೇ ಕೇಳಿದ್ದೆ.

ಹಾಗಾದರೆ ಈ ಸಲ ಮಿಟಾರ್ ಒಪ್ಪಿಸಿದ್ದು ನಾಲ್ಕು ಗೀರಿನವು ಐದು, ಒಂದು ಗೀರಿನದು ಒಂದು. ಮೂರು ಗೀರಿನ ತೋಟಾ ಅವನ ಮೇಜಿನಿಂದ ಬಂದೇ ಇಲ್ಲ. ಅದು ಕಳೆದ ವರ್ಷ ಮೂರನೇ ಸಲ ತುಂಬಿ, ಹುಲ್ಲಿನಲ್ಲಿ ಕಳೆದ ಕೊಳವೆ. ಯಾರೋ ಅದನ್ನು ಒಂದು ವರ್ಷ ಇಟ್ಟುಕೊಂಡು, ಹೊಸ ಮದ್ದು ತುಂಬಿ, ಮಿಟಾರನ ಒಳ್ಳೆಯ ತೋಟಾ ಒಂದನ್ನು ತೆಗೆದು ಆ ಜಾಗದಲ್ಲಿ ಕೂರಿಸಿದ್ದಾರೆ.

ಆ ಒಳ್ಳೆಯ ತೋಟಾ, ತುಂಬಿದ್ದು, ಬುಡಕ್ಕೆ ನಾಲ್ಕು ಗೀರು ಇರುವುದು, ಎಲ್ಲೋ ಇದೆ.

ಇದು ಕೈತಪ್ಪಲ್ಲ. ಕೊಲೆ. ಅದು ಹೊಳೆದಾಗ ನನಗಾದದ್ದು ಸಂತೋಷ. ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಆಗ ಆದದ್ದು ಅದೇ. ನನ್ನ ಕುಮ ತಪ್ಪು ಮಾಡಿಲ್ಲ.

ಗಾವ್ರೊ ಹೊರಗೆ ಕಾರಿಡಾರಿನಲ್ಲಿ ಕೂತಿದ್ದ. ಬಾಲ್ಶಾನ ದೊಡ್ಡಪ್ಪ, ಸತ್ತ ತಮ್ಮನ ಮಗನನ್ನು ಸಾಕಿದವನು, ದಿಬ್ಬಣಕ್ಕೆ ಹಿರಿಯನಾಗಿದ್ದವನು. ಮಣ್ಣು ಮಾಡಲು ಕಾಗದ ಬೇಕಿತ್ತು. ಮೂರು ದಿನದ ಗಡ್ಡ, ಇಸ್ತ್ರಿ ಮಾಡಿದ ಶರ್ಟು.

"ಗಾವ್ರೊ, ರಿವಾಲ್ವರ್ ಶುಕ್ರವಾರ ರಾತ್ರಿ ಎಲ್ಲಿತ್ತು?"

"ಮಿಟಾರ್ ಮನೇಲಿ. ಸಂಜೆ ಹೋದೆ, ನನ್ನೆದುರೇ ಗೀರು ಹಾಕಿ ಆರನ್ನೂ ಉರುಳೆಗೆ ತುಂಬಿದ. ಆಮೇಲೆ ನಾಲ್ಕು ಲೋಟ ಕುಡಿದ್ವಿ. ಕುಡಿದವನ ಕೈಗೆ ತುಂಬಿದ್ದು ಕೊಡಲ್ಲ ಅಂತ ಪೆಟ್ಟಿಗೇಲಿ ಇಟ್ಕೊಂಡ. ಬೆಳಿಗ್ಗೆ ಬಾವುಟದವನು ಹೋಗಿ ತಂದ."

"ಅವನ ಕಾರಿನಲ್ಲಿ ಎಷ್ಟು ಹೊತ್ತು?"

"ಎರಡು ಗಂಟೆ. ದಾರೀಲಿ ಹೋಟೆಲಲ್ಲಿ ನಿಲ್ಸಿದ್ನಂತೆ. ಯಾಕೆ?"

ಎರಡು ಗಂಟೆ, ಒಂದು ಹೋಟೆಲ್. ಮನಸ್ಸು ಅಲ್ಲಿಗೇ ಓಡಿತು. ಓಡಲಿ ಅಂತ ಬಿಟ್ಟೆ.

"ಎರಡನೇ ಗುಂಡು ಮದುಮಗನದ್ದಾ, ನಿಮ್ಮ ಕಡೆ?"

ಅವನು ನೆಲ ನೋಡಿದ. "ನಮ್ಮ ಕಣಿವೇಲಿ ಸೇಬು ದಿಬ್ಬಣದ ಹಿರಿಯಂದು. ನಂದು. ನನ್ನ ಕಣ್ಣಲ್ಲಿ ನೀರು ಬರ್ತಾ ಇತ್ತು ವಿದಾಕ್. ತಮ್ಮ ಇರ್ಬೇಕಿತ್ತು ಇವತ್ತು ಅನ್ನಿಸ್ತು. ಹುಡುಗ ನಗ್ತಾ, 'ಕೊಡು ದೊಡ್ಡಪ್ಪ, ನೀನು ಹೊಡೆದ್ರೆ ಮಾವನ ಹಸು ಸಾಯುತ್ತೆ' ಅಂದ. ಕೊಟ್ಟೆ."

ಉರುಳೆ ತಿರುಗುವುದು ಒಂದೇ ದಿಕ್ಕಿಗೆ. ಎರಡನೇ ಗೂಡಿನಲ್ಲಿ ಅದನ್ನು ಕೂರಿಸಿದವರಿಗೆ ಎರಡನೇ ಗುಂಡು ಯಾರದೆಂದು ಗೊತ್ತಿತ್ತು. ಸಾಯಬೇಕಿದ್ದವನು ನನ್ನೆದುರು ಕೂತಿದ್ದ. ಅದನ್ನು ಅವನಿಗೆ ಹೇಳಲು ಆಗ ನನಗೆ ಮನಸ್ಸಾಗಲಿಲ್ಲ.

"ಇನ್ನೊಂದು. ಕಳೆದ ವರ್ಷ ಜ್ಞಾನಸ್ನಾನದ ದಿನ ಖಾಲಿ ಕೊಳವೆ ಹೆಕ್ಕಿದ್ದು ಯಾರು?"

"ಯಾವ ಗಂಡಸು ಹಿತ್ತಾಳೆಗೆ ಸೊಂಟ ಬಗ್ಗಿಸ್ತಾನೆ? ಮಿಟಾರನ ಮಗಳು ಹೆಕ್ಕಿದ್ಲು. ಮಡಿಲಲ್ಲಿ ಹಾಕ್ಕೊಂಡು ಬಂದು ಐದು ಎಣಿಸಿ ಕೊಟ್ಲು." ಸ್ವಲ್ಪ ತಡೆದು, ನನ್ನ ಮುಖ ನೋಡದೆ ಸೇರಿಸಿದ: "ಇಪ್ಪತ್ತು ವರ್ಷ ಆಗಿತ್ತು ಅವಳು ನನ್ನ ಹೊಸ್ತಿಲು ತುಳಿದು. ಆವತ್ತು ಬಂದ್ಲು."

ಆ ಮಾತಿನ ಹಿಂದೆ ಏನೋ ಇತ್ತು. ಗಂಟೆ ಹತ್ತಾಗಿತ್ತು. ನಾನು ಕೇಳದೆ ಎದ್ದೆ.

*

"ಕಾಫಿ ತಂದ್ಯಾ?" ಅಂದ ಮಿಟಾರ್. "ಇಲ್ಲೀದು ಕುರಿ ತೊಳೆದ ನೀರು."

"ಕಾಫಿಗಿಂತ ಒಳ್ಳೇದು ತಂದಿದೀನಿ. ಕೈ ಚಾಚು."

ಅವನ ಕಣ್ಣು ಹಾಲು ಬೆರೆಸಿದ ಹಾಗೆ. ಅಂಗೈ ಮೇಲೆ ಸಿಡಿದ ಕೊಳವೆ ಇಟ್ಟೆ. ಅವನು ಮೊದಲು ಸೀಳಿದ ಹೊಟ್ಟೆಯನ್ನು ಮುಟ್ಟಿ ಕೈ ಹಿಂದೆಳೆದುಕೊಂಡ.

"ಯಾಕೋ ತಂದೆ ಇದನ್ನ? ಸಹಿ ಹಾಕ್ತೀನಿ ಅಂದಿದೀನಲ್ಲ."

"ಬುಡ ಮುಟ್ಟು. ಅಂಚು."

ಹೆಬ್ಬೆರಳ ಉಗುರು ಅಂಚಿನ ಸುತ್ತ ಹೋಯಿತು. ಒಂದು ಸುತ್ತು. ಇನ್ನೊಂದು ಸುತ್ತು.

"ಮೂರು," ಅಂದ.

"ಮೂರೇ. ಶುಕ್ರವಾರ ನೀನು ಒಪ್ಪಿಸಿದ್ರಲ್ಲಿ ಮೂರು ಗೀರಿನದು ಇತ್ತಾ?"

"ಇರ್ಲಿಲ್ಲ." ಅವನ ಬೆನ್ನು ನೆಟ್ಟಗಾಯಿತು. "ಐದಕ್ಕೆ ನಾಲ್ಕನೇ ಗೀರು ಹಾಕ್ದೆ. ಹೊಸದಕ್ಕೆ ಮೊದಲ್ನೇದು. ಗಾವ್ರೊ ಎದುರಿಗೇ. ವಿದಾಕ್, ಇದು ಕಳೆದುಹೋದ ಕೊಳವೆ."

"ಅದೇ."

"ಹಾಗಾದ್ರೆ ನಾನಲ್ಲ." ಮೂರು ದಿನದಲ್ಲಿ ಮೊದಲ ಸಲ ಅವನ ಧ್ವನಿ ಅವನದಾಗಿತ್ತು. "ಆ ಹುಡುಗನ್ನ ನಾನು ಕೊಲ್ಲಲಿಲ್ಲ."

"ಕೊಲ್ಲಲಿಲ್ಲ ಕುಮ."

ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಭುಜ ಕುಲುಕಿತು. ನಾನು ಕಿಟಕಿ ಕಡೆ ತಿರುಗಿದೆ. ಅಳು ನಿಂತ ಮೇಲೆ ಮೂಗು ಒರೆಸಿಕೊಂಡು, ಕಸುಬಿನವನ ಧ್ವನಿಯಲ್ಲಿ ಕೇಳಿದ: "ಗುಂಡು ಸಿಕ್ತಾ?"

"ಹೆಣ್ಣಿನ ಮನೆ ತೊಲೇಲಿ ಹೂತಿತ್ತು. ನಿನ್ನ ಅಚ್ಚಿನದೇ, ಪಕ್ಕದಲ್ಲಿ ಆ ಕೂದಲೆಳೆ ಗೆರೆ ಇದೆಯಲ್ಲ, ಅದು ಇದೆ. ಯಾರೋ ನಿನ್ನ ಗುಂಡು ಕದ್ದಿದಾರೆ. ಮೇಣ ಹಚ್ಚಿದ್ದೂ ನಿನ್ನ ಹಾಗೇ ಇದೆ. ಕೆಲಸ ಪೂರಾ ಬಲ್ಲವರು. ಗೀರಿನ ವಿಷಯ ಮಾತ್ರ ಗೊತ್ತಿಲ್ಲ, ಅಲ್ಲಿ ಸಿಕ್ಕಿಬಿದ್ರು. ನಾಲ್ಕನೇದು ಎಳೆದಿದ್ರೆ ನಿನ್ನ ಕಥೆ ಮುಗಿದಿತ್ತು."

ಅವನು ಕೊಳವೆಯನ್ನು ಮತ್ತೆ ಎತ್ತಿಕೊಂಡು ಅಂಚಿನ ಸುತ್ತ ಹೆಬ್ಬೆರಳು ಆಡಿಸತೊಡಗಿದ.

"ಇನ್ನು ಆ ಬಾವುಟದವನ ಕಾರು ನೋಡ್ಬೇಕು," ನಾನು ಹೇಳುತ್ತಲೇ ಹೋದೆ. "ಒಳ್ಳೇ ಸಾಕ್ಷಿ ಇದೆ ಮಿಟಾರ್. ಜ್ಞಾನಸ್ನಾನದ ದಿನ ಕೊಳವೆ ಹೆಕ್ಕಿದ್ದು ನಮ್ಮ ಯಾಗ್ಲಿಕಾನೇ ಅಂತೆ. ಸಿಕ್ಕಿದ್ದು ಐದೇ ಅಂತ ಅವಳು ಪ್ರಮಾಣ ಮಾಡಿ ಹೇಳಬಹುದು."

ಕೊಳವೆಯ ಮೇಲೆ ತಿರುಗುತ್ತಿದ್ದ ಹೆಬ್ಬೆರಳು ನಿಂತಿತು.

ಮನುಷ್ಯನಿಗೆ ಹೊಡೆತ ಬಿದ್ದಾಗ ಮುಖ ಹೇಗಾಗುತ್ತದೆ ಅಂತ ಮೂವತ್ತೊಂದು ವರ್ಷ ಈ ಕೆಲಸದಲ್ಲಿ ನೋಡಿದ್ದೇನೆ. ಮಿಟಾರನ ಮುಖ ಹಾಗಾಗಲಿಲ್ಲ. ಅವನು ತಲೆಯನ್ನು ಸ್ವಲ್ಪ ಓರೆ ಮಾಡಿ ಕುಳಿತ, ಪಕ್ಕದ ಕೋಣೆಯಲ್ಲಿ ಯಾರೋ ಓಡಾಡುವುದನ್ನು ಕೇಳಿಸಿಕೊಳ್ಳುವವನ ಹಾಗೆ.

"ಎರಡನೇ ಗುಂಡು ಗಾವ್ರೊಂದು," ಅಂದ ಕೊನೆಗೆ.

"ಹೌದು. ಅವನೇ ಹೇಳ್ದ."

"ಕುಮ, ಕಾಗದ ತಗೋ. ಬರಿ."

"ಏನು ಬರೀಲಿ?"

"ಆ ಕೊಳವೆ ನನ್ನ ಹತ್ರಾನೇ ಇತ್ತು. ಕಳೀತು ಅಂದದ್ದು ಸುಳ್ಳು. ಗಾವ್ರೊ ಮೇಲೆ ನನಗೆ ಹಳೇ ದ್ವೇಷ. ಹೊಸ ಮದ್ದು ತುಂಬಿ ನಾನೇ ಎರಡನೇ ಗೂಡಿಗೆ ಹಾಕ್ದೆ. ಹುಡುಗ ತಗೋತಾನೆ ಅಂತ ಗೊತ್ತಿರ್ಲಿಲ್ಲ."

"ತಲೆ ಕೆಟ್ಟಿದೆಯಾ ನಿನಗೆ? ಈಗ ತಾನೆ ಅಳ್ತಾ ಇದ್ದೆ."

"ಸಂತೋಷಕ್ಕೆ ಅಳ್ಲಿಲ್ಲ, ಪಾಪಕ್ಕೆ ಅತ್ತೆ. ಬರಿ."

"ಗೀರು ಹಾಕದೆ ಒಂದು ತೋಟಾ ಮೇಜಿನಿಂದ ಬಿಟ್ಟಿದೀಯಾ ನೀನು, ಐವತ್ತು ವರ್ಷದಲ್ಲಿ? ನಿನ್ನ ಹೆಂಡತಿ ಸತ್ತ ವಾರವೂ ಹಾಕಿದೀಯ. ಗೀರು ಗೊತ್ತಿಲ್ಲದವರು ಮಾಡಿದ ಕೆಲಸ ಇದು. ನಿನ್ನ ಕಸುಬೆಲ್ಲ ಗೊತ್ತಿದ್ದು, ಗೀರು ಮಾತ್ರ..."

ಬೆಳಿಗ್ಗೆ ತಲೆಗೆ ಕಪ್ಪು ಬಟ್ಟೆ ಕಟ್ಟಿಕೊಳ್ಳುತ್ತಿದ್ದವಳು ನೆನಪಾದಳು.

ಕೊಳವೆ ತೊಳೆಯುವವಳು. ಸೀಸ ಎರೆಯುವವಳು. ಮೇಣ ಹಚ್ಚುವವಳು. ಲೋಟ ಇಟ್ಟು ಒಳಗೆ ಹೋಗುವವಳು. ಶುಕ್ರವಾರ ರಾತ್ರಿ ರಿವಾಲ್ವರ್ ಮಲಗಿದ್ದ ಮನೆಯಲ್ಲಿ ಇದ್ದವರು ಇಬ್ಬರು, ಒಬ್ಬನಿಗೆ ಕಣ್ಣು ಕಾಣದು.

"ಮೂರು ಗೀರು ಆ ಮನೆ ಗುರುತು ಅಂದ್ಕೊಂಡಿದಾಳೆ," ಅಂದೆ. "ಬೆಳಿಗ್ಗೆ ನನಗೆ ಹೇಳಿದ್ಲು."

ಮಿಟಾರ್ ಮೇಜಿನಾಚೆಯಿಂದ ಕೈ ಚಾಚಿ, ಗಾಳಿಯಲ್ಲಿ ತಡಕಾಡಿ, ನನ್ನ ಮುಂಗೈ ಹಿಡಿದ. ಅರ ಹಿಡಿದ ಕೈ. ಮೂಳೆ ನೋಯುವ ಹಾಗೆ ಹಿಡಿದ.

"ದೇವರ ಹೆಸರಲ್ಲಿ, ಕುಮರನ್ನ ಕಾಯೋ ಸಂತ ಯೋವಾನನ ಹೆಸರಲ್ಲಿ, ಕುಮ ಅಂತ ನಿನ್ನನ್ನ ಕೇಳ್ಕೋತೀನಿ. ಈ ಮಾತು ಈ ಕೋಣೆ ದಾಟಬಾರದು."

"ಹಾಗೆ ಕೇಳ್ಬೇಡ ಮಿಟಾರ್."

"ಕೇಳಿ ಆಯ್ತು."

ಈ ಮಾತನ್ನು ಒಬ್ಬ ಮನುಷ್ಯ ಜೀವಮಾನದಲ್ಲಿ ಒಂದು ಸಲ ಬಳಸುತ್ತಾನೆ, ಹೆಚ್ಚಿನವರು ಬಳಸುವುದೇ ಇಲ್ಲ. ಹೀಗೆ ಕೇಳಿದಾಗ ಇಲ್ಲ ಅಂದವನ ಮನೆಗೆ ಮತ್ತೆ ಯಾರೂ ಹೆಣ್ಣು ಕೊಡುವುದಿಲ್ಲ, ಅವನ ಹೆಣ ಹೊರುವುದಿಲ್ಲ. ನನ್ನ ಅಜ್ಜ ತನ್ನ ತಮ್ಮನನ್ನು ಕೊಂದವನ ಮನೆಗೆ ಈ ಮಾತಿನ ಮೇಲೆ ಹೋಗಿ ಊಟ ಮಾಡಿ ಬಂದಿದ್ದ. ನಾನು ಪೊಲೀಸಿನ ಪ್ರಮಾಣವನ್ನೂ ಮಾಡಿದ್ದೇನೆ, ಬಾವುಟದ ಮೇಲೆ ಕೈಯಿಟ್ಟು. ಅದು ನೆನಪಿಗೆ ಬಂತು. ಕೈ ಬಿಡಿಸಿಕೊಳ್ಳುವಷ್ಟು ಬಲ ಕೊಡಲಿಲ್ಲ.

"ಯಾಕೆ ಮಾಡಿದ್ಲು?" ಕೇಳಿದೆ.

"ನನಗೆ ಗೊತ್ತಿಲ್ಲ." ಅದು ನಿಜ ಅನ್ನಿಸಿತು. "ನಾನು ಯಾವತ್ತೂ ಅವಳನ್ನ ಏನೂ ಕೇಳ್ಲಿಲ್ಲ ವಿದಾಕ್. ಗಾವ್ರೊ ಜತೆ ಅವಳ ಮದುವೆ ಮಾತುಕತೆ ಮುರಿದಾಗ್ಲೂ ಕೇಳ್ಲಿಲ್ಲ. ಕಾಫಿ ಮಾಡು ಅಂದೆ."

ಕಾರಿಡಾರಿನಲ್ಲಿ ಎತ್ತರದ ಹಿಮ್ಮಡಿ ಚಪ್ಪಲಿಯ ಸದ್ದು. ವೆಸೆಲಿಂಕಾ ಹತ್ತು ನಿಮಿಷ ಮುಂಚೆಯೇ ಬಂದಿದ್ದಳು. ಬಾಗಿಲಲ್ಲಿ ನಿಂತು ನನ್ನ ಮುಂಗೈಯನ್ನೂ ಅದರ ಮೇಲಿದ್ದ ಕೈಯನ್ನೂ ನೋಡಿದಳು.

"ಮುಗೀತಾ?"

"ವಕೀಲಮ್ಮ, ಹಳೇ ಕಾಗದ ಹರಿದುಹಾಕು," ಅಂದ ಮಿಟಾರ್. "ಹೊಸದಾಗಿ ಹೇಳ್ತೀನಿ. ಮೂರು ಗೀರಿನ ಕೊಳವೆ ಇದೆ ಇಲ್ಲಿ. ಇನ್‌ಸ್ಪೆಕ್ಟರ್ ಕಂಡುಹಿಡಿದಿದಾರೆ, ಜಾಣರು."

ಅವಳು ನನ್ನ ಕಡೆ ನೋಡಿದಳು. "ಇನ್‌ಸ್ಪೆಕ್ಟರ್, ಇದಕ್ಕೆ ನೀವು ಸೇರಿಸೋದು ಏನಾದ್ರೂ ಇದೆಯಾ?"

"ಗೀರು ಸರಿಯಾಗಿದೆ," ಅಂದೆ. "ಆ ತೋಟಾವನ್ನ ಬೇಕಂತಲೇ ಬದಲಾಯಿಸಿದಾರೆ."

ಅಷ್ಟೂ ನಿಜ. ಅದಕ್ಕಿಂತ ಮುಂದೆ ಹೇಳಲಿಲ್ಲ. ಅವನು ಹೇಳಿದ, ನಾನು ಬರೆದೆ. ದ್ವೇಷಕ್ಕೆ ಕಾರಣ ಏನು ಅಂದಾಗ ಒಂದು ಹಳೇ ಹುಲ್ಲುಗಾವಲಿನ ಜಗಳ ಹೇಳಿದ. ಅಂಥ ಜಗಳ ನಿಜವಾಗಿಯೂ ನಡೆದಿತ್ತು, ಊರೆಲ್ಲ ಬಲ್ಲದು. ಹಾಳೆಯ ಅಂಚನ್ನು ಬೆರಳಿನಿಂದ ಹುಡುಕಿ, ನಾನು ತೋರಿಸಿದ ಕಡೆ ಸಹಿ ಹಾಕಿದ. ಆಮೇಲೆ ಯಾಗ್ಲಿಕಾ ಮನೆಗೆ ಬಂದಳಾ ಅಂತ ಕೇಳಿದ.

ಬಂದಿರಲಿಲ್ಲ. ಅವಳು ಗಾವ್ರೊ ಮನೆಯಲ್ಲಿದ್ದಳು, ಶವದ ತಲೆದೆಸೆಯಲ್ಲಿ. ಗಾವ್ರೊ ಕಾಗದ ತೆಗೆದುಕೊಂಡು ಅಲ್ಲಿಗೇ ಹೊರಟಿದ್ದ. ಬೆಟ್ಟದ ಮನೆಗಳಲ್ಲಿ ಗೋಡೆಗೆ ನೇತುಹಾಕಿದ ಅಂಥ ರಿವಾಲ್ವರ್ ಒಂದಲ್ಲ ಒಂದು ಇದ್ದೇ ಇರುತ್ತದೆ. ನಾಲ್ಕು ಗೀರಿನ ತುಂಬಿದ ತೋಟಾ ಒಂದು ಇನ್ನೂ ನನಗೆ ಸಿಕ್ಕಿಲ್ಲ, ಅವಳ ಹತ್ತಿರವೇ ಇರಬೇಕು.

ಬೆಳಿಗ್ಗೆ ಆ ಮುದುಕನ ಮೇಲಿದ್ದದ್ದು ಹೆಚ್ಚೆಂದರೆ ಎರಡು ವರ್ಷದ ಶಿಕ್ಷೆ. ನಾನು ಬಿಡಿಸಲು ಹೋದೆ, ಈಗ ಅವನು ಸಾಯುವವರೆಗೆ ಒಳಗಿರುತ್ತಾನೆ. ಮಾಡಿದವಳು ಯಾರೆಂದು ನನಗೆ ಗೊತ್ತು, ಹೇಳುವ ಹಾಗಿಲ್ಲ.